ಗೋಷಾಮಹಲಿನ ಮುಚ್ಚಿದ ಬಾಗಿಲು

ಕೊಪ್ಪಳ ಮತ್ತು ಯಲಬುರ್ಗಾ ಸೀಮೆ ಒಂದು ಕಾಲಕ್ಕೆ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಹೈದರಾಬಾದಿನಲ್ಲಿ ಗೋಷಾಮಹಲ್ ಬಾರಾದರಿ ಎಂಬ ಹಳೆಯ ಕಟ್ಟಡವಿದೆ. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಷಾ 1682ರಲ್ಲಿ ಕಟ್ಟಿಸಿದ್ದು. ಆರನೇ ನಿಜಾಮ ಇನ್ನೂ ಬಾಲಕನಾಗಿ, ಸಾಲಾರ್ ಜಂಗ್ ರಾಜ್ಯಭಾರ ನೋಡುತ್ತಿದ್ದ 1872ರಲ್ಲಿ ಅದು ಫ್ರೀಮೇಸನ್ನರ ಕೈ ಸೇರಿತು. ಒಳಗೆ ಬಾಗಿಲು ಹಾಕಿಕೊಂಡು ದೊಡ್ಡ ಮಂದಿ ಏನು ಮಾಡುತ್ತಾರೆ ಎಂಬ ಕುತೂಹಲ ಹೊರಗಿನವರಿಗೆ ಇದ್ದೇ ಇರುತ್ತದೆ. ಉತ್ತರ ಭಾರತದ ಜನ ಇಂಥ ಕಟ್ಟಡಗಳಿಗೆ 'ಜಾದೂ ಘರ್' ಎಂದೇ ಹೆಸರಿಟ್ಟಿದ್ದರು.

ಮೇಸನ್ ಎಂದರೆ ನಮ್ಮ ಗೌಂಡಿ. ಕೈವಾರ ಮತ್ತು ಮೂಲೆಮಟ್ಟವೇ ಸಂಘದ ಲಾಂಛನ. ಯುರೋಪಿನ ಕಲ್ಲುಕುಟಿಗರ ಕಸುಬಿನ ಕೂಟಗಳ ರೀತಿ ರಿವಾಜುಗಳನ್ನು ಕಸುಬೇ ಗೊತ್ತಿಲ್ಲದ ಶ್ರೀಮಂತರು ಎತ್ತಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ಒಂದು ಬಿಯರ್ ಅಂಗಡಿಯಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವು. ನಮ್ಮಲ್ಲಿ ಊರಿಗೊಂದು ಸ್ಥಳಪುರಾಣ ಇರುವಂತೆ ಇವರೂ ತಮ್ಮ ಮೂಲವನ್ನು ಸೊಲೊಮನ್ ದೊರೆಯ ದೇವಾಲಯಕ್ಕೆ ಒಯ್ದು ಮುಟ್ಟಿಸಿದರು. 1730ರ ಸುಮಾರಿಗೆ ಕಲ್ಕತ್ತೆಯಲ್ಲಿ ಮೊದಲ ಭಾರತೀಯ ಲಾಡ್ಜ್ ತೆರೆಯಿತು. ತಮಾಷೆಯೆಂದರೆ, ಅದೇ 1730ರಲ್ಲಿ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಅವರ ಗುಟ್ಟಿನ ವಿಧಿಗಳನ್ನೆಲ್ಲ ಲಂಡನ್ನಿನಲ್ಲಿ ಅಚ್ಚು ಹಾಕಿಸಿ ಮಾರಿದ್ದ!

ಗುಟ್ಟು ಬಯಲಾದರೂ ಕತೆ ನಿಲ್ಲಲಿಲ್ಲ. 1776ರಲ್ಲಿ ಬವೇರಿಯದ ಪ್ರಾಧ್ಯಾಪಕ ವೈಸ್‌ಹಾಪ್ಟ್ ಕಟ್ಟಿದ ಇಲ್ಯುಮಿನಾಟಿ ಹತ್ತು ವರ್ಷವೂ ಬಾಳದೆ ಸರ್ಕಾರದ ನಿಷೇಧಕ್ಕೆ ಬಲಿಯಾಯಿತು; ಅದು ಜಗತ್ತನ್ನು ಆಳುತ್ತಿದೆ ಎಂಬ ಮಾತು ಮಾತ್ರ ಇಂದಿಗೂ ಮೊಬೈಲಿನಲ್ಲಿ ಓಡಾಡುತ್ತಿದೆ. ಫ್ರಾನ್ಸಿನ ಲಿಯೋ ಟಾಕ್ಸಿಲ್‌ನದು ಇದಕ್ಕೂ ಮಿಗಿಲು. ಫ್ರೀಮೇಸನ್ನರು ಸೈತಾನನನ್ನು ಪೂಜಿಸುತ್ತಾರೆ ಎಂದು ಆತ ಪುಸ್ತಕದ ಮೇಲೆ ಪುಸ್ತಕ ತಂದ. ಆತನ ಬಳಗದ ಒಂದು ಕೃತಿಯಲ್ಲಿ ಕಲ್ಕತ್ತೆ, ಪಾಂಡಿಚೇರಿಗಳ ಭೀಕರ ಪೂಜೆಗಳಿವೆ, ಪಿಯಾನೊ ನುಡಿಸುವ ಮೊಸಳೆಯೂ ಇದೆ. ಧರ್ಮಗುರುಗಳೂ ನಂಬಿದರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಸಭೆಯಲ್ಲಿ ಟಾಕ್ಸಿಲ್ ತಾನೇ ಎದ್ದು ನಿಂತು, ಹನ್ನೆರಡು ವರ್ಷ ಹೇಳಿದ್ದೆಲ್ಲ ಸುಳ್ಳು ಎಂದುಬಿಟ್ಟ.

ಇಷ್ಟಾದರೂ ಇಂಗ್ಲಿಷ್ ಫ್ರೀಮೇಸನ್ನರಿಗೆ ಹೆಚ್ಚೇನೂ ತೊಂದರೆಯಾಗಲಿಲ್ಲ. ಗುಟ್ಟಿನ ಪ್ರಮಾಣ ಮಾಡಿಸುವ ಸಂಘಗಳನ್ನು ನಿಷೇಧಿಸಿ ಬ್ರಿಟನ್ 1799ರಲ್ಲಿ ಕಾನೂನು ತಂದಾಗ, ಸದಸ್ಯರ ಪಟ್ಟಿ ಸಲ್ಲಿಸಿದರೆ ಸಾಕು ಎಂದು ಅವರ ಲಾಡ್ಜ್‌ಗಳಿಗೆ ವಿನಾಯಿತಿ ಕೊಟ್ಟಿತು.

ನಮ್ಮ ನೆಲದಲ್ಲಿ ಅದೇ ಆಳುವವರ ಕಣ್ಣಿಗೆ ಬೇರೊಂದು 'ಗುಪ್ತ ಸಂಘ' ಬಿತ್ತು. ಅದು ಠಕ್ಕರದು. ದಾರಿಹೋಕರನ್ನು ನಂಬಿಸಿ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದ ಗುಂಪುಗಳು ಇದ್ದದ್ದು ನಿಜ. ಆದರೆ ಇಡೀ ದೇಶಕ್ಕೆ ಹಬ್ಬಿದ, ಕಾಳಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಪಂಥ ಎಂಬ ಚಿತ್ರವನ್ನು ಇಂದಿನ ಇತಿಹಾಸಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಆ ಚಿತ್ರವನ್ನು ಲಂಡನ್ನಿನ ಮನೆಮನೆಗೆ ಮುಟ್ಟಿಸಿದ್ದು 1839ರ ಒಂದು ಕಾದಂಬರಿ. ಅದನ್ನು ಬರೆದ ಮೆಡೋಸ್ ಟೇಲರ್ ನಮಗೆ ಹೊರಗಿನವನಲ್ಲ. ಮುಂದೆ ಸುರಪುರದ ಬಾಲರಾಜ ವೆಂಕಟಪ್ಪ ನಾಯಕ 'ಅಪ್ಪಾ' ಎಂದು ಕರೆದದ್ದು ಇವನನ್ನೇ.

ಕಾದಂಬರಿಗೆ ಮೊದಲೇ, 1836ರಲ್ಲಿ, ಠಕ್ಕರ ಕಾಯಿದೆ ಬಂದಿತ್ತು. ಇಂಥವನು ಇಂಥ ಕೊಲೆ ಮಾಡಿದ ಎಂದು ರುಜುವಾತು ಮಾಡಬೇಕಿರಲಿಲ್ಲ. ಠಕ್ಕರ ಗುಂಪಿಗೆ ಸೇರಿದ್ದ ಎಂದಾದರೆ ಸಾಕು, ಜೀವಾವಧಿ ಕಠಿಣ ಸಜೆ. ಮಾಫಿ ಸಾಕ್ಷಿಗಳಾದ ಹಳೆಯ ಠಕ್ಕರು ಬೊಟ್ಟು ಮಾಡಿ ತೋರಿಸಿದವರು ಸಿಕ್ಕಿಬೀಳುತ್ತಿದ್ದರು. ಕಾಯಿದೆ ಬರುವ ಮುನ್ನ ಸೇರಿದ್ದವನಿಗೂ ಅದು ಅನ್ವಯಿಸುತ್ತಿತ್ತು. ಸೇರಿದ್ದು ಕಂಪನಿಯ ಗಡಿಯಾಚೆ, ಅಂದರೆ ಅಂದಿನ ಕೊಪ್ಪಳ, ಕುಷ್ಟಗಿಗಳಂಥ ನಿಜಾಮನ ಸೀಮೆಯಲ್ಲಿ ಆಗಿದ್ದರೂ ಶಿಕ್ಷೆ ತಪ್ಪುತ್ತಿರಲಿಲ್ಲ.