ಒಂಬತ್ತು ದಿನದ ಗಿರಾಕಿ: ಶಿವಮೊಗ್ಗ–ಭದ್ರಾವತಿಯ ನಗರಾಡಳಿತ ಮತ್ತು ಕಲೆ

ಸರ್ಕಾರಗಳು ಕಲೆಗೆ ನೆರವಾಗುವ ಬಗೆಯನ್ನು ಹ್ಯಾರಿ ಹಿಲ್ಮನ್-ಚಾರ್ಟ್ರಂಡ್ ಮತ್ತು ಕ್ಲೇರ್ ಮೆಕಾಹಿ 1989ರಲ್ಲಿ ನಾಲ್ಕಾಗಿ ವಿಂಗಡಿಸಿದರು. ತೆರಿಗೆ ವಿನಾಯಿತಿ ಕೊಟ್ಟು ದಾನಿಗಳನ್ನು ಹುರಿದುಂಬಿಸುವ ಅಮೆರಿಕದ್ದು ಅನುಕೂಲಕಾರನ ಪಾತ್ರ. ಸ್ವಾಯತ್ತ ಮಂಡಳಿಯ ಕೈಗೆ ಹಣವಿತ್ತು ತಾನು ದೂರ ನಿಲ್ಲುವ ಬ್ರಿಟನ್ನಿನದು ಪೋಷಕನದು. ಇಲಾಖೆಯಿಂದಲೇ ಎಲ್ಲವನ್ನೂ ರೂಪಿಸುವ ಫ್ರಾನ್ಸಿನದು ವಾಸ್ತುಶಿಲ್ಪಿಯದು. ಕಲೆಯ ಉತ್ಪಾದನೆಯನ್ನೇ ವಶಕ್ಕೆ ತೆಗೆದುಕೊಂಡ ಸೋವಿಯತ್ ಒಕ್ಕೂಟದ್ದು ಎಂಜಿನಿಯರನದು. ಕರ್ನಾಟಕ ಸರ್ಕಾರವನ್ನು ಈ ಪಟ್ಟಿಗೆ ಹೊಂದಿಸುವುದು ಕಷ್ಟವಲ್ಲ. ಅಕಾಡೆಮಿಗಳಲ್ಲಿ ಅದು ಪೋಷಕ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ವಾಸ್ತುಶಿಲ್ಪಿ. ಸಂಬಳದ ಕಲಾವಿದರಿರುವ ರಂಗಾಯಣದಲ್ಲಿ ಎಂಜಿನಿಯರನ ಛಾಯೆಯೂ ಇದೆ. ತೊಡಕು ಶುರುವಾಗುವುದು ಒಂದು ಮೆಟ್ಟಿಲು ಕೆಳಗಿಳಿದಾಗ. ನಗರಸಭೆ, ಮಹಾನಗರ ಪಾಲಿಕೆಗಳಿಗೆ ಈ ನಾಲ್ಕರಲ್ಲಿ ಯಾವ ಪಾತ್ರ ಒಪ್ಪುತ್ತದೆ?

ಶಿವಮೊಗ್ಗದ ಮಟ್ಟಿಗೆ ಕೈಗೆಟುಕುವ ಸಿದ್ಧ ಉತ್ತರ ‘ಪೋಷಕ’. ಪಾಲಿಕೆ ವರ್ಷವರ್ಷವೂ ದಸರಾ ನಡೆಸುತ್ತದೆ, ಕಲಾವಿದರಿಗೆ ವೇದಿಕೆ ಕೊಡುತ್ತದೆ, ಆದ್ದರಿಂದ ಅದು ಪೋಷಕ ಎಂಬುದು ಇದರ ಹಿಂದಿನ ತರ್ಕ. ಈ ಲೇಖನದ ತಕರಾರು ಇರುವುದು ಈ ತರ್ಕದೊಂದಿಗೇ.

ಕಾನೂನಿನ ಚೌಕಟ್ಟಿನ ಬಗ್ಗೆ ಹೆಚ್ಚು ವಿವಾದವಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ 12ನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿತು. ಸಂಸ್ಕೃತಿ, ಶಿಕ್ಷಣ ಮತ್ತು ಸೌಂದರ್ಯಪ್ರಜ್ಞೆಯ ಉತ್ತೇಜನ ಅದರಲ್ಲಿ 13ನೆಯದು. ಭದ್ರಾವತಿ ನಗರಸಭೆಗೆ ಅನ್ವಯಿಸುವ 1964ರ ಪೌರಸಭೆಗಳ ಕಾಯ್ದೆಯಲ್ಲಿ ಬೀದಿದೀಪ, ಚರಂಡಿಗಳು 87ನೆಯ ಪ್ರಕರಣದ ಕಡ್ಡಾಯ ಕರ್ತವ್ಯಗಳು. ಉದ್ಯಾನ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳು 91ನೆಯ ಪ್ರಕರಣದ ಐಚ್ಛಿಕ ಕೆಲಸಗಳು. ಮನಸ್ಸಿದ್ದರೆ ಮಾಡಬಹುದು, ಮಾಡದಿದ್ದರೆ ಕೇಳುವವರಿಲ್ಲ.

ಇನ್ನು ರಂಗಸ್ಥಳಗಳ ಒಡೆತನ. ಕುವೆಂಪು ರಂಗಮಂದಿರವಾಗಲಿ, ರಂಗಾಯಣ ನೆಲೆಸಿರುವ ಸುವರ್ಣ ಸಂಸ್ಕೃತಿ ಭವನವಾಗಲಿ ರಾಜ್ಯ ಸರ್ಕಾರದ ಸುಪರ್ದಿಯಲ್ಲಿವೆ. ಹಸೂಡಿ ವೆಂಕಟಶಾಸ್ತ್ರಿಗಳ ಹೆಸರಿನ ಸಾಹಿತ್ಯ ಭವನ 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘದ್ದು. ಊರಿನ ನಾಟಕ, ಸಂಗೀತ, ಗಮಕ, ಉಪನ್ಯಾಸಗಳೆಲ್ಲ ಬಹುಪಾಲು ನಡೆಯುವ ಈ ಮೂರು ಜಾಗಗಳಲ್ಲಿ ಒಂದೂ ಪಾಲಿಕೆಯದಲ್ಲ. ಹಾಗಾಗಿ ಪಾಲಿಕೆಯ ಪೋಷಣೆಯ ವಾದವೆಲ್ಲ ದಸರೆಯ ಮೇಲೆಯೇ ನಿಂತಿದೆ.

ಆ ದಸರೆಯನ್ನು ಹತ್ತಿರದಿಂದ ನೋಡಬೇಕು. ಮಕ್ಕಳ ದಸರಾ, ಮಹಿಳಾ ದಸರಾ, ಯುವ ದಸರಾ, ರಂಗ ದಸರಾ, ಚಲನಚಿತ್ರ ದಸರಾ, ರೈತ ದಸರಾ, ಪರಿಸರ ದಸರಾ, ಆಹಾರ ದಸರಾ ಹೀಗೆ ಹಬ್ಬ ಕವಲೊಡೆದಿದೆ. ಪ್ರತಿ ಕವಲಿಗೂ ಒಂದು ಉಪಸಮಿತಿ. ಚುನಾಯಿತ ಮಂಡಳಿ ಇದ್ದಾಗ ಪಾಲಿಕೆ ಸದಸ್ಯರೇ ಅವುಗಳ ಮುಂದಾಳುಗಳು. ಕೊನೆಯ ದಿನ ಕೋಟೆಯ ಶಿವಪ್ಪನಾಯಕ ಅರಮನೆಯಿಂದ ಹೊರಡುವ ಮೆರವಣಿಗೆಗೆ ಸಕ್ರೆಬೈಲಿನ ಬಿಡಾರದಿಂದ ಆನೆಗಳು ಬರುತ್ತವೆ. ಹಳೆಯ ಜೈಲಿನ ಆವರಣದಲ್ಲಿ ತಹಶೀಲ್ದಾರರು ಅಂಬು ಕಡಿದು ಬನ್ನಿ ಹಂಚುತ್ತಾರೆ. ಊರಿಗೆ ಊರೇ ಸೇರುವ ಸಡಗರವಿದು. ಇದನ್ನು ಹಗುರ ಮಾಡುವ ಉದ್ದೇಶ ಇಲ್ಲಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಪಾಲಿಕೆಯ ಹಣ ಕಲೆಯ ಯಾವ ಹಂತಕ್ಕೆ ತಲುಪುತ್ತದೆ? ವೇದಿಕೆ, ಶಾಮಿಯಾನ, ಧ್ವನಿವರ್ಧಕ, ದೀಪಾಲಂಕಾರ ಟೆಂಡರಿನ ಭಾಷೆಗೆ ಸಲೀಸಾಗಿ ಒಗ್ಗುತ್ತವೆ. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ ನಂತರ ಯಾವುದೇ ಅಧಿಕಾರಿ ಅಂದಾಜು ಪಟ್ಟಿ, ದರ, ಬಿಲ್ಲು ಇರುವ ಬಾಬ್ತುಗಳ ಕಡೆಗೇ ವಾಲುವುದು ಸಹಜ. ನಾಟಕವೊಂದರ ನಿಜವಾದ ಖರ್ಚಾದರೋ ಪ್ರಯೋಗದ ಸಂಜೆಗಿಂತ ಮೊದಲೇ ಆಗಿ ಮುಗಿದಿರುತ್ತದೆ. ಹವ್ಯಾಸಿ ತಂಡ ಒಂದೂವರೆ ತಿಂಗಳು ಆಫೀಸು ಮುಗಿಸಿ ಬಂದು, ಯಾವುದೋ ಶಾಲೆಯ ಕೊಠಡಿಯ ಬೀಗದ ಕೈ ಬೇಡಿ ತಂದು, ಬೆಂಚುಗಳನ್ನು ಗೋಡೆಗೆ ಸರಿಸಿ ತಾಲೀಮು ನಡೆಸುತ್ತದೆ. ರಾತ್ರಿ ಹತ್ತಕ್ಕೆ ಬೆಂಚುಗಳನ್ನು ಮತ್ತೆ ಸಾಲಾಗಿ ಜೋಡಿಸಿ, ಬೀಗ ಹಾಕಿ ಹೊರಡಬೇಕು. ಈ ಒಂದೂವರೆ ತಿಂಗಳಿಗೆ ಟೆಂಡರಿನಲ್ಲಿ ಕಲಮು ಇಲ್ಲ. ಪ್ರದರ್ಶನ ಕಲೆಯ ಖರ್ಚೆಂದರೆ ಮುಖ್ಯವಾಗಿ ಮನುಷ್ಯರ ಸಮಯದ ಖರ್ಚು, ಯಂತ್ರ ತಂದು ಅದನ್ನು ತಗ್ಗಿಸಲಾಗದು ಎಂದು ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ತೋರಿಸಿದ್ದರು. ಪಾಲಿಕೆ ಕೊಡುವುದು ಸಿದ್ಧವಾದ ಪ್ರದರ್ಶನದ ಬೆಲೆ. ಅದು ಸಿದ್ಧವಾಗಲು ಹಿಡಿದ ಕಾಲದ ಬೆಲೆಯನ್ನು ತೆರುವವರು ಬೇರೆ.

ತೆರುವವರು ಯಾರೆಂಬುದಕ್ಕೆ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿ ಅಪರೂಪದ ಸಾಕ್ಷ್ಯ ಒದಗಿಸುತ್ತದೆ. ಅಲ್ಲಿನ ನಗರಸಭೆಯೂ ನಾಡಹಬ್ಬ ಆಚರಿಸುತ್ತದೆ. ಕನಕ ಮಂಟಪ ಮೈದಾನದಲ್ಲಿ ಬನ್ನಿ ಮುಡಿಯಲಾಗುತ್ತದೆ. ಆದರೆ ಊರಿನ ಕಲಾಜೀವನಕ್ಕೆ ದಶಕಗಳ ಕಾಲ ಬೆನ್ನೆಲುಬಾಗಿದ್ದು ಎರಡು ಕಾರ್ಖಾನೆಗಳು: 1923ರಲ್ಲಿ ಉತ್ಪಾದನೆ ಆರಂಭಿಸಿದ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ. ಚಲನಚಿತ್ರ ನಟ ದೊಡ್ಡಣ್ಣ ಸಿನಿಮಾಕ್ಕೆ ಬರುವ ಮೊದಲು ಉಕ್ಕಿನ ಕಾರ್ಖಾನೆಯ ನೌಕರರಾಗಿದ್ದುಕೊಂಡೇ ನಾಟಕಗಳಲ್ಲಿ ಅಭಿನಯಿಸುತ್ತಿದ್ದವರು. ಕಾರ್ಖಾನೆ ಅಂಥವರಿಗೆ ಕಲೆಯ ಹೆಸರಿನಲ್ಲಿ ಅನುದಾನ ಕೊಡಬೇಕಾಗಿರಲಿಲ್ಲ. ತಿಂಗಳ ಸಂಬಳ, ಪಾಳಿ ಮುಗಿದ ಮೇಲಿನ ಬಿಡುವು, ಕಾಲೋನಿಯಲ್ಲೊಂದು ಮನೆ, ಪಕ್ಕದ ಮನೆಯಲ್ಲೇ ಸಿಗುವ ಸಹನಟ: ತಾಲೀಮಿಗೆ ಬೇಕಾದದ್ದೆಲ್ಲ ಅದರಲ್ಲೇ ಅಡಗಿತ್ತು. ಊರಿನಲ್ಲಿ 1965ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರ ಹಾಡುವವರಿಗೆ, ನುಡಿಸುವವರಿಗೆ ವರ್ಷವಿಡೀ ಸಂಭಾವನೆಯ ದಾರಿ ತೆರೆಯಿತು. ಈ ಮೂರೂ ನಗರಸಭೆಗೆ ಸೇರಿದವಲ್ಲ.

ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ಸೊರಗುತ್ತ ಬಂತು. 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ಊರಿನ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕಿಳಿಯಿತು, ಅದೇ ಅವಧಿಯಲ್ಲಿ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಬೆಳೆಯಿತು. ನಗರಸಭೆಯ ನಾಡಹಬ್ಬ ಮಾತ್ರ ತಪ್ಪಲಿಲ್ಲ. ಹಬ್ಬ ಉಳಿದೂ ಅದರ ಹಿಂದಿನ ಬಿಡುವು ಕರಗಿದ ಈ ಸ್ಥಿತಿ, ಹಬ್ಬದ ಹಣವೂ ಕಲೆಯ ಪೋಷಣೆಯೂ ಒಂದೇ ಅಲ್ಲವೆಂಬುದನ್ನು ಬೇರ್ಪಡಿಸಿ ತೋರಿಸುತ್ತದೆ.

ಆದ್ದರಿಂದ ಚಾರ್ಟ್ರಂಡ್–ಮೆಕಾಹಿ ಪಟ್ಟಿಗೆ ಐದನೆಯ ಪಾತ್ರವೊಂದನ್ನು ಸೇರಿಸಬೇಕಾಗುತ್ತದೆ. ನಮ್ಮ ನಗರಾಡಳಿತ ಪೋಷಕನಲ್ಲ, ಗಿರಾಕಿ. ಅದೂ ವರ್ಷಕ್ಕೆ ಒಂಬತ್ತು ದಿನ ಬರುವ ಗಿರಾಕಿ.

ಈ ಮಾತನ್ನು ಎಚ್ಚರದಿಂದ ಆಡಬೇಕು. ಮೊದಲನೆಯದಾಗಿ, ಮಕ್ಕಳ ದಸರೆಯಲ್ಲಿ ಸಾವಿರಾರು ಜನರೆದುರು ಕುಣಿದ ಮಗುವಿಗೆ ಆ ಸಂಜೆ ಏನನ್ನು ಕೊಡುತ್ತದೆಂಬುದನ್ನು ಬಿಲ್ಲಿನಲ್ಲಿ ಅಳೆಯಲಾಗದು. ಸ್ಥಳೀಯ ತಂಡಗಳಿಗೆ ರಂಗ ದಸರಾ ಒಂದು ಗಡುವನ್ನೂ ಒದಗಿಸುತ್ತದೆ. ಗಡುವಿಲ್ಲದ ತಾಲೀಮು ಮುಗಿಯುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಗಿರಾಕಿಯಾಗುವುದು ತಪ್ಪೇ? ಕರಾವಳಿಯ ಯಕ್ಷಗಾನದ ಹರಕೆ ಬಯಲಾಟದ ಮೇಳಗಳು ಬದುಕಿರುವುದೇ ಒಂದೊಂದು ರಾತ್ರಿಯ ಆಟಕ್ಕೆ ಹಣ ಕಟ್ಟುವ ಮನೆತನಗಳಿಂದ. ಮಂದಾರ್ತಿಯಂಥ ಕ್ಷೇತ್ರದಲ್ಲಿ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಖರೀದಿಯೇ ಅಲ್ಲಿ ಪೋಷಣೆಯಾಗಿದೆ. ಈ ಉದಾಹರಣೆ ಮೇಲಿನ ವಾದವನ್ನು ತಿದ್ದುತ್ತದೆ, ಅಳಿಸುವುದಿಲ್ಲ. ಮೇಳಕ್ಕೆ ಗಿರಾಕಿಗಳು ನೂರಾರು, ತಿರುಗಾಟ ಹೆಚ್ಚುಕಡಿಮೆ ಆರು ತಿಂಗಳು. ಹಾಗಾಗಿ ಕಲಾವಿದ ಆ ಆದಾಯ ನೆಚ್ಚಿ ಬದುಕು ಕಟ್ಟಿಕೊಳ್ಳಬಲ್ಲ. ಒಬ್ಬನೇ ಗಿರಾಕಿ, ಒಂದೇ ಋತು ಎಂದಾದರೆ ಅದು ಸಾಧ್ಯವಿಲ್ಲ. ತೊಂದರೆ ಇರುವುದು ಕೊಳ್ಳುವುದರಲ್ಲಲ್ಲ, ಒಂಬತ್ತೇ ದಿನ ಕೊಳ್ಳುವುದರಲ್ಲಿ.

ಇನ್ನೊಂದು ಬೆಳವಣಿಗೆಯನ್ನೂ ಗಮನಿಸಬೇಕು. ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. 2024ರ ದಸರಾ ಚುನಾಯಿತ ಸದಸ್ಯರಿಲ್ಲದೆಯೇ, ಆಡಳಿತದ ಕೈಯಲ್ಲಿ ನಡೆಯಿತು. ಹಬ್ಬ ಕಚೇರಿಯ ವಾಡಿಕೆಯಾಗಿ ಗಟ್ಟಿಗೊಂಡಿದೆ ಎಂಬುದಕ್ಕೆ ಇದು ಸೂಚನೆ. ಒಂದು ವರ್ಷದ ಸಾಕ್ಷ್ಯದ ಮೇಲೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಾಗಲಾರದು.

ವರ್ಷವಿಡೀ ಹರಿಯುವ ಹಣಕ್ಕೆ ಮಾದರಿಯೊಂದು ಕಾನೂನಿನಲ್ಲೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಸೆಸ್ ವಸೂಲಾಗುತ್ತದೆ. ಸ್ಥಳೀಯ ಸಂಸ್ಥೆ ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ಇದೇ ಬಗೆಯ ಸಣ್ಣ, ಖಚಿತ ಪಾಲೊಂದು ವಾರ್ಡುಗಳಲ್ಲಿ ತಾಲೀಮಿನ ಕೊಠಡಿಗಳಿಗೆ ಮೀಸಲಾಗಬಹುದೇ ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ. ಆದರೆ ಅಡ್ಡಿಗಳೂ ಇವೆ. ಹೊಸ ಸೆಸ್ ವಿಧಿಸಲು ಶಾಸನಸಭೆಯ ಒಪ್ಪಿಗೆ ಬೇಕು. ಸಂಗ್ರಹಿಸಿದ ಸೆಸ್ಸನ್ನು ಸಕಾಲಕ್ಕೆ ಕಟ್ಟದ ಚಾಳಿ ರಾಜ್ಯದ ಹಲವು ಸ್ಥಳೀಯ ಸಂಸ್ಥೆಗಳಲ್ಲಿದೆ. ಭದ್ರಾವತಿಯಲ್ಲಂತೂ ಮೊದಲು ತೀರ್ಮಾನವಾಗಬೇಕಾದದ್ದು ಕಾರ್ಖಾನೆ ಕಾಲೋನಿಗಳ ಸಾರ್ವಜನಿಕ ಜಾಗಗಳನ್ನು ಮುಂದೆ ಯಾರು ನೋಡಿಕೊಳ್ಳಬೇಕೆಂಬುದು. ಅವು ನಗರಸಭೆಗೆ ಬಂದರೆ ಕಲ್ಯಾಣ ಮಂಟಪಗಳಂತೆ ಬಾಡಿಗೆಗೆ ಹೋಗುತ್ತವೆಯೋ, ಸಂಜೆಯ ಹೊತ್ತು ತಾಲೀಮಿಗೆ ತೆರೆದಿರುತ್ತವೆಯೋ ಎಂಬುದರ ಮೇಲೆ ‘ಗಿರಾಕಿ’ ಎಂಬ ಇಲ್ಲಿನ ವರ್ಣನೆ ಆ ಊರಿಗೆ ಎಷ್ಟು ದಿನ ಅನ್ವಯಿಸುತ್ತದೆಂಬುದು ನಿಂತಿದೆ.