ಎರಡು ನರಗಳ ನಡುವಿನ ಸಂದು

1906ರ ಡಿಸೆಂಬರ್ 11ರಂದು ಇಟಲಿಯ ವಿಜ್ಞಾನಿ ಕಮಿಲ್ಲೊ ಗೋಲ್ಜಿ ಸ್ಟಾಕ್‌ಹೋಮಿನಲ್ಲಿ ತನ್ನ ನೊಬೆಲ್ ಉಪನ್ಯಾಸ ಮಾಡಿದ. ಆ ವರ್ಷದ ವೈದ್ಯವಿಜ್ಞಾನದ ಪ್ರಶಸ್ತಿಯನ್ನು ಆತನೊಂದಿಗೆ ಹಂಚಿಕೊಂಡವನು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ಇಬ್ಬರಿಗೂ ಪ್ರಶಸ್ತಿ ಬಂದದ್ದು ನರಮಂಡಲದ ರಚನೆಯನ್ನು ಶೋಧಿಸಿದ್ದಕ್ಕೆ. ಅಲ್ಲಿಯವರೆಗೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಇಂಥ ಸಂದರ್ಭಗಳಲ್ಲಿ ನಾಲ್ಕು ಸೌಜನ್ಯದ ಮಾತುಗಳನ್ನಾಡುವುದು ವಾಡಿಕೆ. ಗೋಲ್ಜಿ ಹಾಗೆ ಮಾಡಲಿಲ್ಲ. ಕಹಾಲ್ ತನ್ನ ಜೀವಮಾನವನ್ನೆಲ್ಲ ಮುಡಿಪಾಗಿಟ್ಟು ಕಟ್ಟಿದ ಸಿದ್ಧಾಂತಕ್ಕೆ ಬೆಂಬಲ ಕುಂದುತ್ತಿದೆ ಎಂದೇ ಮಾತಿಗೆ ತೊಡಗಿ, ಉಪನ್ಯಾಸದುದ್ದಕ್ಕೂ ಅದನ್ನು ಖಂಡಿಸಿದ. ಮರುದಿನ ಕಹಾಲ್ ತನ್ನ ಸರದಿಯಲ್ಲಿ ಅದೇ ಸಿದ್ಧಾಂತವನ್ನು ಆಧಾರಸಹಿತ ಮಂಡಿಸಿದ. ಪ್ರಶಸ್ತಿ ಒಂದು, ವಿಷಯ ಒಂದು. ಹೇಳಿಕೆಗಳು ಮಾತ್ರ ತದ್ವಿರುದ್ಧ.

ಜಗಳದ ಮೂಲ ಸರಳವಾದ ಒಂದು ಪ್ರಶ್ನೆಯಲ್ಲಿತ್ತು. ಮಿದುಳು ಎಲ್ಲಿಯೂ ಕಡಿಯದೆ ಹೆಣೆದುಕೊಂಡ ಒಂದೇ ಬಲೆಯೋ, ಅಥವಾ ಬಿಡಿಬಿಡಿಯಾದ ಅಸಂಖ್ಯ ಕೋಶಗಳ ಕೂಟವೋ?

ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಾದವು ಎಂಬ ಮಾತನ್ನು ಜರ್ಮನಿಯ ಶ್ಲೈಡನ್ ಮತ್ತು ಶ್ವಾನ್ 1838-39ರಲ್ಲೇ ಹೇಳಿದ್ದರು. ಚರ್ಮ, ಯಕೃತ್ತು, ಸ್ನಾಯು ಎಲ್ಲವೂ ಈ ನಿಯಮಕ್ಕೆ ಒಳಪಟ್ಟವು. ಮಿದುಳು ಮಾತ್ರ ಒಳಪಡಲಿಲ್ಲ. ಮಿದುಳಿನ ತೆಳು ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುತ್ತಿದ್ದುದು ಬಿಡಿಸಲಾಗದಂತೆ ಸಿಕ್ಕುಗಟ್ಟಿದ ಎಳೆಗಳ ರಾಶಿ. ಎಲ್ಲಿ ಒಂದು ಕೋಶ ಮುಗಿದು ಇನ್ನೊಂದು ಆರಂಭವಾಗುತ್ತದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಆದ್ದರಿಂದ ಈ ಎಳೆಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡಿವೆ ಎಂದು 1870ರ ದಶಕದಲ್ಲಿ ಜರ್ಮನಿಯ ಗೆರ್ಲಾಖ್ ಮುಂತಾದವರು ತೀರ್ಮಾನಿಸಿದರು.

ಈ ಸಿಕ್ಕನ್ನು ಬಿಡಿಸುವ ಉಪಾಯ ಹುಟ್ಟಿದ್ದು ಒಂದು ಅಡಿಗೆಮನೆಯಲ್ಲಿ. ಗೋಲ್ಜಿ ಆಗ ಮಿಲಾನ್ ನಗರದ ಬಳಿಯ ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನಲ್ಲಿ, ವಾಸಿಯಾಗದ ಕಾಯಿಲೆಯವರ ಆಸ್ಪತ್ರೆಯೊಂದರ ವೈದ್ಯನಾಗಿದ್ದ. ಸಂಶೋಧನೆಗೆ ಅಲ್ಲಿ ಯಾವ ಅನುಕೂಲವೂ ಇರಲಿಲ್ಲ. ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದ. ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ನೆನೆಸಿ ಗಟ್ಟಿಮಾಡಿದ ಮಿದುಳಿನ ತುಣುಕನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದಾಗ, ನೂರರಲ್ಲಿ ಕೆಲವೇ ಕೋಶಗಳು ಅಚ್ಚ ಕಪ್ಪಾಗಿ, ತಮ್ಮ ಕೊಂಬೆರೆಂಬೆಗಳ ಸಮೇತ, ಹಳದಿ ಹಿನ್ನೆಲೆಯ ಮೇಲೆ ಎದ್ದು ಕಂಡವು. ಉಳಿದವು ಬಣ್ಣ ಹಿಡಿಯದೆ ಮರೆಯಾದವು. ಕಿಕ್ಕಿರಿದ ಅಡಿಕೆ ತೋಟದಲ್ಲಿ ಉಳಿದ ಮರಗಳೆಲ್ಲ ಮಾಯವಾಗಿ, ಒಂದೇ ಮರ ಬೇರಿನಿಂದ ಸೋಗೆಯ ತುದಿಯವರೆಗೆ ನಿಚ್ಚಳವಾಗಿ ನಿಂತಂತೆ. ಗೋಲ್ಜಿ ಇದನ್ನು 1873ರಲ್ಲಿ ಪ್ರಕಟಿಸಿದ. ‘ಕಪ್ಪು ಕ್ರಿಯೆ’ ಎಂದು ಹೆಸರಾದ ಈ ವಿಧಾನದಲ್ಲಿ ಆ ಕೆಲವೇ ಕೋಶಗಳು ಏಕೆ ಬಣ್ಣ ಹಿಡಿಯುತ್ತವೆ ಎಂಬುದನ್ನು ಇಂದಿಗೂ ಪೂರ್ತಿಯಾಗಿ ಬಿಡಿಸಿ ಹೇಳಿದವರಿಲ್ಲ.

ವಿಚಿತ್ರವೆಂದರೆ, ಬಿಡಿ ಕೋಶವನ್ನು ಮೊಟ್ಟಮೊದಲು ಇಡಿಯಾಗಿ ಕಂಡವನೇ ಬಲೆಯ ಸಿದ್ಧಾಂತವನ್ನು ಬಿಡಲಿಲ್ಲ. ಕೋಶದ ಗಿಡ್ಡ ಕವಲುಗಳು ಬೇರೆ ಕೋಶಕ್ಕೆ ಬೆಸೆದುಕೊಂಡಿಲ್ಲ ಎಂಬುದನ್ನು ಗೋಲ್ಜಿ ಸರಿಯಾಗಿಯೇ ಗುರುತಿಸಿದ್ದ. ಆದರೆ ಪ್ರತಿ ಕೋಶದಿಂದ ಹೊರಡುವ ಉದ್ದನೆಯ ಎಳೆಗಳು, ಅಂದರೆ ಆಕ್ಸಾನುಗಳು, ಕೊನೆಗೆ ಸೇರಿ ಬಲೆಯಾಗುತ್ತವೆ ಎಂದು ನಂಬಿದ. ಈ ನಂಬಿಕೆಗೆ ಕಾರಣವಿರಲಿಲ್ಲವೆಂದಲ್ಲ. ಮಿದುಳಿನ ಒಂದು ಭಾಗಕ್ಕೆ ಪೆಟ್ಟಾದ ರೋಗಿಗಳು ಎಷ್ಟೋ ಸಲ ಚೇತರಿಸಿಕೊಳ್ಳುತ್ತಾರೆ. ಮಿದುಳು ಒಟ್ಟಾಗಿ ದುಡಿಯುವ ಅಂಗವಾಗಿದ್ದರೆ ಮಾತ್ರ ಇದು ಸಾಧ್ಯ ಎಂಬುದು ಆತನ ವಾದ.

ಗೋಲ್ಜಿಯ ವಿಧಾನ ಸುಮಾರು 14 ವರ್ಷ ಹೆಚ್ಚಿನವರ ಗಮನಕ್ಕೆ ಬಾರದೆ ಉಳಿಯಿತು. 1887ರಲ್ಲಿ ಮ್ಯಾಡ್ರಿಡ್‌ನ ವೈದ್ಯ ಲೂಯಿಸ್ ಸಿಮಾರೊನ ಮನೆಯಲ್ಲಿ ಅಂಥ ಒಂದು ಗಾಜುಪಟ್ಟಿ ಕಹಾಲ್‌ನ ಕಣ್ಣಿಗೆ ಬಿತ್ತು. ಕಹಾಲ್ ಹಳ್ಳಿಯಲ್ಲಿ ಹುಟ್ಟಿದವನು. ಚಿತ್ರಗಾರನಾಗಬೇಕೆಂಬ ಹಂಬಲದ, ಹೇಳಿದ ಮಾತು ಕೇಳದ ಹುಡುಗ. ಶಸ್ತ್ರವೈದ್ಯನಾಗಿದ್ದ ತಂದೆ ಅವನನ್ನು ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸಕ್ಕೆ ಬಿಟ್ಟು ನೋಡಿದ. ಕೊನೆಗೆ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ಸಿಕ್ಕ ಮೂಳೆಗಳ ಚಿತ್ರ ಬರೆಯಲು ಹಚ್ಚಿದ. ಹುಡುಗ ಅಂಗರಚನಾಶಾಸ್ತ್ರಕ್ಕೆ ಒಲಿದದ್ದು ಹೀಗೆ. ಚಿತ್ರ ಬರೆಯುವ ಆ ಕೈ ಮುಂದೆ ವಿಜ್ಞಾನಕ್ಕೆ ದೊಡ್ಡ ಆಸ್ತಿಯಾಯಿತು. ಕಹಾಲ್ ಬರೆದ ನರಕೋಶಗಳ ಚಿತ್ರಗಳು ಈಗಲೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತಿವೆ.

ಕಹಾಲ್ ಮಾಡಿದ ಜಾಣತನದ ಕೆಲಸವೆಂದರೆ, ಬಲಿತ ಕಾಡನ್ನು ಬಿಟ್ಟು ಸಸಿಮಡಿಯನ್ನು ನೋಡಿದ್ದು. ಈ ಹೋಲಿಕೆ ಅವನದೇ. ಬೆಳೆದ ಪ್ರಾಣಿಯ ನರಗಳ ಸುತ್ತ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಬಣ್ಣ ಒಳಗಿಳಿಯಲು ಬಿಡುವುದಿಲ್ಲ. ಮೊಟ್ಟೆಯೊಳಗಿನ ಮರಿ ಮತ್ತು ಎಳೆಯ ಹಕ್ಕಿಗಳಲ್ಲಿ ಈ ಹೊದಿಕೆ ಇನ್ನೂ ಮೂಡಿರುವುದಿಲ್ಲ, ಎಳೆಗಳೂ ಗಿಡ್ಡ. ಬಾರ್ಸಿಲೋನಾದಲ್ಲಿ ಪ್ರಾಧ್ಯಾಪಕನಾಗಿದ್ದಾಗ 1888ರಲ್ಲಿ ಹಕ್ಕಿಯ ಕಿರುಮಿದುಳನ್ನು ಪರೀಕ್ಷಿಸಿದ ಕಹಾಲ್‌ಗೆ, ಆಕ್ಸಾನುಗಳು ಇನ್ನೊಂದು ಕೋಶವನ್ನು ಬುಟ್ಟಿಯಂತೆ ತಬ್ಬಿ ಅಲ್ಲೇ ಕೊನೆಗೊಳ್ಳುವುದು ಕಂಡಿತು. ತಬ್ಬಿದ್ದವು ನಿಜ, ಬೆಸೆದುಕೊಂಡಿರಲಿಲ್ಲ. ಈ ಸಂಗತಿಯನ್ನು ಪ್ರಕಟಿಸಲು ಸ್ವಂತ ಖರ್ಚಿನಲ್ಲಿ ಒಂದು ಪತ್ರಿಕೆಯನ್ನೇ ಹೊರಡಿಸಿ, 60 ಪ್ರತಿ ಅಚ್ಚು ಹಾಕಿಸಿ, ಯುರೋಪಿನ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದ. ಸ್ಪ್ಯಾನಿಷ್ ಓದುವವರು ಯಾರು? 1889ರಲ್ಲಿ ಗಾಜುಪಟ್ಟಿಗಳನ್ನು ಹೊತ್ತು ಸ್ವತಃ ಬರ್ಲಿನ್ನಿಗೆ ಹೋದ. ಜರ್ಮನ್ ಅಂಗರಚನಾಶಾಸ್ತ್ರದ ಹಿರಿಯ ಕೋಲಿಕರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ ಒಪ್ಪಿಕೊಂಡ ಮೇಲೆ ಕಹಾಲ್‌ನ ಹಾದಿ ಸುಗಮವಾಯಿತು. 1891ರಲ್ಲಿ ವಾಲ್ಡೆಯರ್ ಈ ಬಿಡಿ ಘಟಕಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟ.

ಕಹಾಲ್ ಒಬ್ಬನೇ ಇದನ್ನು ಹೇಳಿದವನಲ್ಲ. ಹಿಸ್, ಫೊರೆಲ್ ಎಂಬಿಬ್ಬರು ಸ್ವಲ್ಪ ಮೊದಲೇ ಇದೇ ಧಾಟಿಯಲ್ಲಿ ಮಾತಾಡಿದ್ದರು. ನಾರ್ವೆಯ ತರುಣ ನ್ಯಾನ್ಸೆನ್ ಕೂಡ 1887ರಲ್ಲಿ ಹಾಗೇ ಬರೆದ. ಆತ ಮರುವರ್ಷ ಹಿಮದ ಗ್ರೀನ್‌ಲ್ಯಾಂಡನ್ನು ನಡೆದು ದಾಟಿದ, 1922ರಲ್ಲಿ ಶಾಂತಿ ನೊಬೆಲ್ ಪಡೆದ ಅದೇ ನ್ಯಾನ್ಸೆನ್. ಆದರೆ ಕಣ್ಣಿಗೆ ಕಾಣುವ ಪುರಾವೆಯನ್ನು ರಾಶಿರಾಶಿಯಾಗಿ ಮುಂದಿಟ್ಟವನು ಕಹಾಲ್.

ಬಲೆಯ ಕಲ್ಪನೆ ಹೋದದ್ದರಿಂದ ನರಮಂಡಲಕ್ಕೆ ಒಂದು ವ್ಯವಸ್ಥೆ ಕಾಣಿಸಿತು. ಬಲೆಯಲ್ಲಿ ಸುದ್ದಿ ಯಾವ ಕಡೆಗಾದರೂ ಹರಿಯಬಹುದು. ಬಿಡಿ ಕೋಶಗಳಾದರೆ ಅದಕ್ಕೊಂದು ದಿಕ್ಕು ಬೇಕು. ಕಣ್ಣಿನ ಅಕ್ಷಿಪಟಲದಲ್ಲೂ ಮೂಗಿನ ವಾಸನೆಯ ನರಗಳಲ್ಲೂ ಗಿಡ್ಡ ಕವಲುಗಳು ಹೊರಜಗತ್ತಿನ ಕಡೆಗೆ, ಆಕ್ಸಾನು ಮಿದುಳಿನ ಕಡೆಗೆ ಚಾಚಿರುವುದನ್ನು ಕಹಾಲ್ ಗಮನಿಸಿದ. ಹಾಗಾದರೆ ಕವಲುಗಳು ಸುದ್ದಿ ಪಡೆಯುವ ಬಾಗಿಲು, ಆಕ್ಸಾನು ಕಳಿಸುವ ಬಾಗಿಲು. ಇಡೀ ನರಮಂಡಲವನ್ನು ಈ ಸೂತ್ರದಿಂದ ಓದಬಹುದು. ಕಾದ ಹೆಂಚಿಗೆ ಬೆರಳು ತಗುಲಿತೆನ್ನಿ. ಚರ್ಮದಿಂದ ಹೊರಟ ಸುದ್ದಿ ಬೆನ್ನೆಲುಬಿನೊಳಗಿನ ಮಿದುಳುಬಳ್ಳಿಗೆ ಬರುತ್ತದೆ. ಅಲ್ಲಿ ನಡುವಿನ ಕೋಶಗಳು ಅದನ್ನು ತೋಳಿನ ಸ್ನಾಯುಗಳಿಗೆ ಆಜ್ಞೆ ಒಯ್ಯುವ ಕೋಶಗಳಿಗೆ ದಾಟಿಸುತ್ತವೆ. ಕೈ ಹಿಂದೆ ಸರಿದ ಮೇಲೆಯೇ ಮಿದುಳಿಗೆ ಉರಿ ತಿಳಿಯುವುದು. ತರುವವು, ಒಯ್ಯುವವು, ನಡುವೆ ನಿಂತು ದಾಟಿಸುವವು. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುಪಾಲು ಈ ಮೂರನೆಯ ಪಂಗಡದವು.

ಸ್ಟಾಕ್‌ಹೋಮಿನ ಹೊತ್ತಿಗೆ ಹೆಚ್ಚಿನ ವಿಜ್ಞಾನಿಗಳು ಕಹಾಲ್‌ನ ಕಡೆಗಿದ್ದರು. ಗೋಲ್ಜಿ 1926ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸು ಬದಲಿಸಲಿಲ್ಲ. ಅವನ ಹಟವನ್ನು ಹಳಿಯುವುದು ಸುಲಭ. ಆದರೆ ಒಂದು ಮಾತನ್ನು ಮರೆಯಬಾರದು. ಬೆಳಕಿನ ಸೂಕ್ಷ್ಮದರ್ಶಕ ಮಿಲಿಮೀಟರಿನ 5,000ದಲ್ಲೊಂದು ಪಾಲಿಗಿಂತ ಚಿಕ್ಕ ಅಂತರವನ್ನು ತೋರಿಸಲಾರದು. ಎರಡು ನರಕೋಶಗಳ ನಡುವಿನ ಸಂದು 50,000ದಲ್ಲೊಂದು ಪಾಲು. ಅಂದರೆ ಕಹಾಲ್ ಕೂಡ ಆ ಸಂದನ್ನು ಕಂಡಿರಲಿಲ್ಲ. ಒಂದು ಕೋಶ ಸತ್ತಾಗ ಪಕ್ಕದ್ದು ಕೂಡಲೇ ಸಾಯುವುದಿಲ್ಲ, ಭ್ರೂಣದಲ್ಲಿ ಪ್ರತಿ ಎಳೆಯೂ ಸ್ವತಂತ್ರ ತುದಿಯಿಂದ ಬೆಳೆಯುತ್ತದೆ ಎಂಬಂಥ ಸಂಗತಿಗಳನ್ನು ಕೂಡಿಸಿ, ಅಲ್ಲಿ ಸಂದು ಇರಲೇಬೇಕು ಎಂದು ತರ್ಕಿಸಿದ್ದ.

ಸಂದು ಇರುವುದಾದರೆ ಸುದ್ದಿ ಅದನ್ನು ದಾಟುವುದು ಹೇಗೆ? ಈ ತಾಣಕ್ಕೆ 1897ರಲ್ಲಿ ‘ಸಿನಾಪ್ಸ್’ ಎಂಬ ಹೆಸರು ಕೊಟ್ಟವನು ಇಂಗ್ಲೆಂಡಿನ ಶೆರಿಂಗ್ಟನ್. ನರದುದ್ದಕ್ಕೆ ಹರಿಯುವುದು ವಿದ್ಯುತ್ತಿನ ಅಲೆ ಎಂಬುದು ಆಗಲೇ ಗೊತ್ತಿತ್ತು. ಅದೇ ವಿದ್ಯುತ್ತು ಕಿಡಿಯಂತೆ ಸಂದನ್ನು ಜಿಗಿಯುತ್ತದೆ ಎಂದು ಒಂದು ಗುಂಪು ಹೇಳಿತು. ಅಲ್ಲ, ನರದ ತುದಿ ಯಾವುದೋ ರಸವನ್ನು ಸ್ರವಿಸುತ್ತದೆ ಎಂದಿತು ಇನ್ನೊಂದು. ‘ಕಿಡಿ’ ಮತ್ತು ‘ಸಾರು’ ಪಕ್ಷಗಳೆಂದು ಹೆಸರಾದ ಈ ಎರಡನೆಯ ಜಗಳವೂ ದೀರ್ಘವಾಗಿ ನಡೆಯಿತು.

ಸಾರಿನ ಪಕ್ಷಕ್ಕೆ ಬಲ ಬಂದದ್ದು ಒಂದು ಕನಸಿನಿಂದ. ಆಸ್ಟ್ರಿಯದ ಗ್ರಾಟ್ಸ್ ನಗರದ ಪ್ರಾಧ್ಯಾಪಕ ಓಟೊ ಲೋವಿ ಒಂದು ರಾತ್ರಿ ಎಚ್ಚರಗೊಂಡು, ಕನಸಿನಲ್ಲಿ ಹೊಳೆದ ಪ್ರಯೋಗವನ್ನು ಚೀಟಿಯ ಮೇಲೆ ಗೀಚಿ ಮತ್ತೆ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಕನಸು ಬಿತ್ತು. ಈ ಸಲ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ಓಡಿದ. ಇದು ಲೋವಿಯೇ ವರ್ಷಗಳ ಮೇಲೆ ಹೇಳಿದ ಕತೆ. ಒಂದೊಂದು ಸಲದ ಹೇಳಿಕೆಯಲ್ಲಿ ವಿವರಗಳು ಒಂದಿಷ್ಟು ಅತ್ತಿತ್ತ ಆಗಿವೆ. ಪ್ರಯೋಗದ ಬಗ್ಗೆ ಮಾತ್ರ ಗೊಂದಲವಿಲ್ಲ. ನಮ್ಮ ಇಚ್ಛೆಗೆ ಕಾಯದೆ ಹೃದಯ, ಜಠರ ಮೊದಲಾದವನ್ನು ನಡೆಸುವ ನರಗಳಲ್ಲಿ ವೇಗಸ್ ಒಂದು. ಅದನ್ನು ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ಲೋವಿ ಕಪ್ಪೆಯ ಹೃದಯವೊಂದನ್ನು ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಇಟ್ಟು, ಅದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದ. ಬಡಿತ ಕುಗ್ಗಿತು. ಆ ದ್ರಾವಣವನ್ನು ತೆಗೆದು ನರವೇ ಇಲ್ಲದ ಇನ್ನೊಂದು ಹೃದಯಕ್ಕೆ ಹಾಕಿದ. ಅದರ ಬಡಿತವೂ ಕುಗ್ಗಿತು! ದ್ರಾವಣದಲ್ಲಿ ವಿದ್ಯುತ್ತು ದಾಟಿ ಬರುವಂತಿರಲಿಲ್ಲ; ಬಂದದ್ದು ಒಂದು ವಸ್ತು. 1921ರಲ್ಲಿ ಇದು ಪ್ರಕಟವಾಯಿತು. ಆ ವಸ್ತು ಅಸಿಟೈಲ್‌ಕೋಲೀನ್ ಎಂಬುದು ಮುಂದೆ ಖಚಿತವಾಯಿತು. ಅದೇ ವಸ್ತುವಿನ ಮೇಲೆ ಲಂಡನ್ನಿನಲ್ಲಿ ಕೆಲಸ ಮಾಡಿದ್ದ ಹೆನ್ರಿ ಡೇಲ್ ಜೊತೆ ಲೋವಿ 1936ರ ನೊಬೆಲ್ ಹಂಚಿಕೊಂಡ.

1938ರ ಮಾರ್ಚ್‌ನಲ್ಲಿ ಹಿಟ್ಲರನ ಪಡೆಗಳು ಆಸ್ಟ್ರಿಯವನ್ನು ಆಕ್ರಮಿಸಿದಾಗ ಯಹೂದಿಯಾದ ಲೋವಿಯನ್ನು ರಾತ್ರೋರಾತ್ರಿ ಸೆರೆಗೆ ತಳ್ಳಿದರು. ಕೊಲ್ಲುತ್ತಾರೆಂದೇ ಭಾವಿಸಿದ ಆತ ಕಾವಲುಗಾರನಿಂದ ಒಂದು ಕಾರ್ಡು ಪಡೆದು, ತನ್ನ ಕೊನೆಯ ಪ್ರಯೋಗದ ಫಲಿತಾಂಶ ಬರೆದು ಪತ್ರಿಕೆಗೆ ಕಳಿಸಿದ. ಕೊನೆಗೆ ನೊಬೆಲ್ ಹಣವನ್ನು ನಾಜಿಗಳ ಬ್ಯಾಂಕಿಗೆ ಒಪ್ಪಿಸಿ ದೇಶ ಬಿಟ್ಟು, ಅಮೆರಿಕ ಸೇರಿದ.

ಹೃದಯದ ಮಾತು ಸರಿ, ಮಿದುಳಿನಲ್ಲಿ ಇಷ್ಟು ನಿಧಾನದ ಸಾರು ನಡೆಯದು ಎಂದು ಕಿಡಿಯ ಪಕ್ಷದ ಮುಂದಾಳು, ಆಸ್ಟ್ರೇಲಿಯದ ಜಾನ್ ಎಕಲ್ಸ್ ಪಟ್ಟು ಹಿಡಿದಿದ್ದ. 1951ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವನೂ ಸಂಗಡಿಗರೂ ಬೆಕ್ಕಿನ ಮಿದುಳುಬಳ್ಳಿಯ ಒಂದೇ ನರಕೋಶದೊಳಕ್ಕೆ ಅತಿ ತೆಳುವಾದ ಗಾಜಿನ ನಳಿಗೆ ಇಳಿಸಿ, ಕೋಶವನ್ನು ತಡೆಯುವ ಸುದ್ದಿ ಬಂದಾಗ ಒಳಗಿನ ವೋಲ್ಟೇಜು ಏನಾಗುತ್ತದೆಂದು ಅಳೆದರು. ಕಿಡಿಯ ವಾದ ಹೇಳಿದ್ದಕ್ಕೆ ನೇರ ವಿರುದ್ಧವಾದ ಫಲ ಬಂತು. ಎಕಲ್ಸ್ ತನ್ನ ವಾದವನ್ನು ಅಲ್ಲಿಗೇ ಕೈಬಿಟ್ಟು ಎದುರು ಪಕ್ಷಕ್ಕೆ ಸೇರಿದ. 1963ರಲ್ಲಿ ಅವನಿಗೂ ನೊಬೆಲ್ ಬಂತು. ಗೋಲ್ಜಿಯನ್ನು ನೆನೆದಾಗ ಎಕಲ್ಸ್‌ನ ಈ ನಡೆ ದೊಡ್ಡದಾಗಿ ಕಾಣುತ್ತದೆ.

1950ರ ದಶಕದ ನಡುವಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸಂದನ್ನು ಕೊನೆಗೂ ತೋರಿಸಿತು. ನರದ ತುದಿಯಲ್ಲಿ ತುಂಬಿದ ಸಣ್ಣ ಚೀಲಗಳನ್ನೂ ತೋರಿಸಿತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಸ್, ರಾಸಾಯನಿಕ ಸುರಿಯುವುದು ಧಾರೆಯಾಗಿ ಅಲ್ಲ, ಅಳೆದಂಥ ಪೊಟ್ಟಣಗಳಾಗಿ ಎಂದು ಕಂಡುಕೊಂಡಿದ್ದ. ವಿದ್ಯುತ್ತಿನ ಅಲೆ ತುದಿ ಮುಟ್ಟುತ್ತದೆ, ಚೀಲಗಳು ಒಡೆಯುತ್ತವೆ, ರಾಸಾಯನಿಕ ಸಂದನ್ನು ದಾಟಿ ಆಚೆ ದಡದ ಗ್ರಾಹಕಗಳಿಗೆ ಅಂಟುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೇ ಇದಿಷ್ಟೂ ಮುಗಿದಿರುತ್ತದೆ. ಸೋತವರ ಪಾಲಿಗೂ ಒಂದಿಷ್ಟು ಉಳಿಯಿತೆನ್ನಬೇಕು. 1959ರಲ್ಲಿ ಸಿಹಿನೀರಿನ ಸಿಗಡಿಯ ಜಾತಿಯೊಂದರಲ್ಲಿ ವಿದ್ಯುತ್ತು ನೇರವಾಗಿ ಹಾಯುವ ಸಿನಾಪ್ಸ್ ಪತ್ತೆಯಾಯಿತು. ಕೋಶಗಳನ್ನು ಸಣ್ಣ ನಾಳಗಳಿಂದ ಜೋಡಿಸಿರುವ ಇಂಥ ತಾಣಗಳು ಸಸ್ತನಿಗಳ ಮಿದುಳಿನಲ್ಲೂ ಇವೆ. ಸಂಖ್ಯೆಯಲ್ಲಿ ಕಡಿಮೆ, ಅಷ್ಟೆ.

ವಿದ್ವಾಂಸರ ಈ ಜಗಳ ನಮ್ಮ ಹೊಲಗಳಿಗೂ ಸಂಬಂಧಿಸಿದ್ದು. ರಾತ್ರಿ ಹೊತ್ತು ಕಚ್ಚುವ ಕಟ್ಟುಹಾವಿನ ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯುಗಳ ನಡುವಿನ ಸಂದಿನಲ್ಲೇ. ಅಸಿಟೈಲ್‌ಕೋಲೀನ್ ಹೊರಬೀಳದೆ ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ತನ್ನ ಕೆಲಸ ಮುಗಿಸಿದ ಅಸಿಟೈಲ್‌ಕೋಲೀನನ್ನು ಒಡೆದು ಸಂದನ್ನು ಸ್ವಚ್ಛಗೊಳಿಸುವ ಕಿಣ್ವವೊಂದಿದೆ. ವಿಷ ಅದನ್ನು ಕಟ್ಟಿಹಾಕುತ್ತದೆ. ಸಂದಿನಲ್ಲಿ ಸುದ್ದಿ ಮುಗಿಯುವುದೇ ಇಲ್ಲ. ಬಾಯಲ್ಲಿ ನೊರೆ, ಕುಗ್ಗಿದ ಕಣ್ಣಪಾಪೆ, ನಿಧಾನವಾಗುವ ಹೃದಯ, ಅದುರಿ ಅದುರಿ ಸೋಲುವ ಸ್ನಾಯು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಈ ಲಕ್ಷಣಗಳು ಅಪರಿಚಿತವಲ್ಲ. ಇಂಥ ರೋಗಿಗೆ ಅವರು ಮೊದಲು ಚುಚ್ಚುವ ಔಷಧಿ ಅಟ್ರೊಪಿನ್. ದತ್ತೂರದ ಗಿಡದಲ್ಲೂ ಇರುವ, ಪ್ರಮಾಣ ತಪ್ಪಿದರೆ ತಾನೇ ವಿಷವಾಗುವ ಈ ವಸ್ತು ಆಚೆ ದಡದ ಗ್ರಾಹಕಗಳನ್ನು ಮುಚ್ಚಿ ಹೃದಯವನ್ನು ಉಳಿಸುತ್ತದೆ. ವೇಗಸ್‌ನಿಂದ ರಾಸಾಯನಿಕ ಬಂದರೂ ಅಟ್ರೊಪಿನ್ ಹಾಕಿದ ಹೃದಯ ಅದಕ್ಕೆ ಕಿವಿಗೊಡುವುದಿಲ್ಲ ಎಂಬುದನ್ನು ಲೋವಿ 1920ರ ದಶಕದಲ್ಲಿ ತನ್ನ ಕಪ್ಪೆಗಳಲ್ಲೇ ತೋರಿಸಿದ್ದ.