ಕಾಷಾಯವಿಲ್ಲದ ಗುರುಗಳು

ಮಾಧ್ವ ಸಂಪ್ರದಾಯದಲ್ಲಿ ಪೀಠವು ಸಂನ್ಯಾಸಿಗಳಿಗೆ ಮಾತ್ರ ಸಲ್ಲತಕ್ಕದ್ದು. ತಪ್ತಮುದ್ರೆ ಹಾಕುವುದು, ಪಾದಕಾಣಿಕೆಯನ್ನು ಸ್ವೀಕರಿಸುವುದು, ಶಾಸ್ತ್ರವಿಷಯದಲ್ಲಿ ನಿರ್ಣಯ ಕೊಡುವುದು ಇವೆಲ್ಲವೂ ಯತಿಗಳ ಅಧಿಕಾರ. ಆದರೆ ಹಿರೇಕೊಟ್ನೆಕಲ್ಲಿನ ಸುತ್ತಣ ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಆ ಮತದ ತತ್ತ್ವಗಳು ಹೆಂಗಸರು ಮಕ್ಕಳ ಬಾಯಲ್ಲಿ ನೆಲೆಯಾಗಿ ನಿಂತುದು ಯಾರಿಂದ ಎಂದು ವಿಚಾರಿಸಿದರೆ ಕೇಳಿಬರುವ ಹೆಸರುಗಳೇ ಬೇರೆ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು: ಮೂವರಲ್ಲಿ ಒಬ್ಬರೂ ಸಂನ್ಯಾಸವನ್ನು ಸ್ವೀಕರಿಸಲಿಲ್ಲ.

ವಿಜಯನಗರದ ಕಾಲದಲ್ಲಿ ವ್ಯಾಸರಾಯರಂತಹ ಯತಿಗಳೇ ಕನ್ನಡದಲ್ಲಿ ಪದಗಳನ್ನು ಹಾಡಿದ್ದರು. ಪುರಂದರದಾಸರು, ಕನಕದಾಸರು ಅವರ ಆಶ್ರಯದಲ್ಲಿ ಬೆಳೆದರು. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ರಾಜಾಶ್ರಯವು ತಪ್ಪಿ ಈ ಪ್ರವಾಹವು ಕೃಶವಾಯಿತು. ಅದಕ್ಕೆ ಮರಳಿ ನೀರು ಹರಿಸಿದವರು 1682ರಲ್ಲಿ ಕಡುಬಡತನದ ಮನೆಯಲ್ಲಿ ಹುಟ್ಟಿದ ದಾಸಪ್ಪನವರು, ಎಂದರೆ ವಿಜಯದಾಸರು. ಇವರಿಗೆ ಅಂಕಿತವು ದೊರೆತುದು ಸ್ವಪ್ನದಲ್ಲಿ ಪುರಂದರದಾಸರಿಂದ ಎಂದು ಸಂಪ್ರದಾಯವು ಹೇಳುತ್ತದೆ. ಈ ಮಾತು ಗಮನಾರ್ಹವಾದುದು. ಯಾವ ಪೀಠದ ಮುಖಾಂತರವೂ ಅಲ್ಲದೆ, ಗೃಹಸ್ಥನೊಬ್ಬನು ಗೃಹಸ್ಥನಿಗೆ ಕೊಟ್ಟ ದೀಕ್ಷೆಯಿದು. ವಿಜಯದಾಸರಿಂದ ಗೋಪಾಲದಾಸರಿಗೆ, ಅವರಿಂದ ಅವರ ತಮ್ಮಂದಿರಿಗೆ ಅಂಕಿತವು ಹೀಗೆಯೇ ಇಳಿದು ಬಂದಿತು. ಅಂಕಿತವೆಂದರೆ ಪದದ ಕೊನೆಯಲ್ಲಿ ಇಡುವ ದೇವರ ಹೆಸರು. ಅದಕ್ಕೆ ಭೂಮಿಯಿಲ್ಲ, ಉಂಬಳಿಯಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಗೋಪಾಳಬುಟ್ಟಿಯೊಂದಿಗೆ ಮನೆಮನೆಗೆ ಯಾಯಿವಾರಕ್ಕೆ ಹೋಗಿ, ಬಂದ ಹಿಡಿ ಧಾನ್ಯದಲ್ಲಿ ಸಂಸಾರವನ್ನು ನಡೆಸುವುದೇ ಅವರ ವೃತ್ತಿ. ಮಠಕ್ಕೆ ಹೋಗಲಾರದವರ ಅಂಗಳಕ್ಕೆ ಶಾಸ್ತ್ರವು ತಾನೇ ನಡೆದು ಬಂದುದು ಈ ಬುಟ್ಟಿಯ ಜೊತೆಯಲ್ಲಿ.

ಪಂಡಿತರು ಇದನ್ನು ಸುಲಭವಾಗಿ ಒಪ್ಪಿದರೆಂದಲ್ಲ. ಜಗನ್ನಾಥದಾಸರ ಪೂರ್ವಾಶ್ರಮದ ಕಥೆಯು ಈ ಕಲಹದ ಕಥೆಯೇ ಆಗಿದೆ. ಸಂಸ್ಕೃತದಲ್ಲಿ ಪ್ರೌಢರಾಗಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರ ಊಟದ ಆಮಂತ್ರಣವನ್ನು, ಪದ ಹಾಡುವವರೆಂಬ ತಾತ್ಸಾರದಿಂದ, ಹೊಟ್ಟೆಶೂಲೆಯ ನೆಪ ಹೇಳಿ ತಳ್ಳಿದರಂತೆ, ನೆಪವು ನಿಜವಾಯಿತಂತೆ. ಕಡೆಗೆ ಗೋಪಾಲದಾಸರು ಜೋಳದ ರೊಟ್ಟಿಯೊಡನೆ ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರಂತೆ. ಪವಾಡದ ಅಂಶವನ್ನು ನಂಬುವವರು ನಂಬಲಿ. ಆಚಾರ್ಯನು ಗೃಹಸ್ಥ ದಾಸನ ಕೈಯ ರೊಟ್ಟಿಯಿಂದ ಬದುಕಿದನೆಂಬ ಮಾತನ್ನು ಜನರು ಇಷ್ಟು ಕಾಲ ಪ್ರೀತಿಯಿಂದ ಕಾಪಾಡಿಕೊಂಡು ಬಂದುದರಲ್ಲಿಯೇ ಅವರ ತೀರ್ಪು ಅಡಗಿದೆ. ಆ ಪಂಡಿತರೇ ಮುಂದೆ ದ್ವೈತಸಿದ್ಧಾಂತವನ್ನೆಲ್ಲ 'ಹರಿಕಥಾಮೃತಸಾರ'ವೆಂದು ಭಾಮಿನೀ ಷಟ್ಪದಿಯಲ್ಲಿ ಕಟ್ಟಿದರು. ಆ ಕನ್ನಡ ಗ್ರಂಥಕ್ಕೆ ತರುವಾಯ ವಿದ್ವಾಂಸರೇ ವ್ಯಾಖ್ಯಾನಗಳನ್ನು ಬರೆಯಬೇಕಾಯಿತು!

ಹಾಗೆಂದು ಇದನ್ನು ಪೀಠಗಳ ವಿರುದ್ಧ ಎದ್ದ ದಂಗೆಯೆಂದು ಬಣ್ಣಿಸುವುದು ಯುಕ್ತವಲ್ಲ. ಈ ಮೂವರೂ ಮಂತ್ರಾಲಯದ ರಾಘವೇಂದ್ರಸ್ವಾಮಿಗಳನ್ನು ಭಕ್ತಿಯಿಂದ ಕೊಂಡಾಡಿದ್ದಾರೆ. ದಾಸಪಂಥದ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತೆಂದೂ ಹೇಳಬರುವುದಿಲ್ಲ. ಕನಕದಾಸರಂತಹವರನ್ನು ಬಿಟ್ಟರೆ ದಾಸರಲ್ಲಿ ಬಹುಮಂದಿ ಬ್ರಾಹ್ಮಣರೇ. ಆದರೆ ಸಂನ್ಯಾಸಪೀಠವು ಎಂದಿಗೂ ಎಟುಕದಿದ್ದ ಸ್ತ್ರೀಯರಿಗೆ ಇಲ್ಲಿ ಸ್ಥಾನವು ದೊರೆಯಿತು. ಹೆಳವನಕಟ್ಟೆ ಗಿರಿಯಮ್ಮನವರು ಗೋಪಾಲದಾಸರ ಅನುಗ್ರಹಕ್ಕೆ ಪಾತ್ರರಾದರೆಂದು ಪ್ರತೀತಿ. ಹರಪನಹಳ್ಳಿ ಭೀಮವ್ವನವರು (1823–1903) ಭೀಮೇಶಕೃಷ್ಣನ ಅಂಕಿತದಲ್ಲಿ ಹಾಡಿದರು. ಇಂತಹವರ ಹಾಡುಗಳು ಅಡಿಗೆಮನೆಯಲ್ಲಿ, ತೊಟ್ಟಿಲ ಬಳಿಯಲ್ಲಿ, ಹಸೆಯ ಮುಂದೆ ಬಾಯಿಂದ ಬಾಯಿಗೆ ಉಳಿದು ಬಂದವು.

ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿಯೂ ಜಗನ್ನಾಥದಾಸರು 1809ರಲ್ಲಿ ಮಾನ್ವಿಯಲ್ಲಿಯೂ ದೇಹವನ್ನಿಟ್ಟರು. ಯತಿಗಳಿಗಾದರೆ ವೃಂದಾವನವುಂಟು. ಜಗನ್ನಾಥದಾಸರು ಮಾನ್ವಿಯ ಒಂದು ಕಂಬದಲ್ಲಿ ಸನ್ನಿಹಿತರಾಗಿರುವರೆಂದು ಭಕ್ತರ ನಂಬಿಕೆ. ಭಾದ್ರಪದ ಶುದ್ಧ ನವಮಿಯಂದು ಆ ಕಂಬಕ್ಕೆ ಪೂಜೆ ನಡೆಯುತ್ತದೆ.